ಟಿಪ್ಪಣಿ ಎಂಬ ವಿದ್ಯೆ

ಓದು, ಬರಹ, ಲೆಕ್ಕ ಎಂಬ ಮೂರು ವಿದ್ಯೆಗಳನ್ನು ಕಲಿಸುವುದು ಶಾಲೆಯ ಧರ್ಮವೆಂದು ಎಲ್ಲರೂ ಬಲ್ಲರು. ಈ ಮೂರಕ್ಕೂ ಆಧಾರವಾಗಬಲ್ಲ ಇನ್ನೊಂದು ವಿದ್ಯೆಯುಂಟು. ಕೇಳಿದ್ದರಲ್ಲಿ, ಓದಿದ್ದರಲ್ಲಿ ಕಾಳು ಯಾವುದು, ಹೊಟ್ಟು ಯಾವುದು ಎಂದು ತೂರಿ, ಕಾಳನ್ನಷ್ಟೇ ತನ್ನ ಮಾತಿನಲ್ಲಿ ಬರೆದಿಟ್ಟುಕೊಳ್ಳುವ ವಿದ್ಯೆ ಅದು. ನಮ್ಮ ಹಿರಿಯರು ಅದನ್ನು ಟಿಪ್ಪಣಿ ಎಂದು ಕರೆದರು. ಇಂದಿನ ಮಕ್ಕಳು ನೋಟ್ಸ್ ಎನ್ನುತ್ತಾರೆ. ಹೆಸರು ಏನೇ ಇರಲಿ, ಯಾವ ಶಾಲೆಯ ವೇಳಾಪಟ್ಟಿಯಲ್ಲಿಯೂ ಇದಕ್ಕೊಂದು ಅವಧಿಯನ್ನು ಮೀಸಲಿಟ್ಟದ್ದನ್ನು ನಾನು ಕಾಣೆ. ಗುರುಗಳು ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಮಕ್ಕಳು ಇಳಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ದೊರೆಯುವ ಗೈಡಿನಿಂದ ಉಳಿದದ್ದನ್ನು ತುಂಬಿಕೊಳ್ಳುತ್ತಾರೆ. ಅದು ಗುರುವಿನ ಟಿಪ್ಪಣಿ, ಇಲ್ಲವೇ ಗೈಡು ಬರೆದವನ ಟಿಪ್ಪಣಿ. ಮಗುವಿನದು ಅಲ್ಲ.

ಈ ವಿಷಯವಾಗಿ ನಾಲ್ಕು ಮಾತು ಬರೆಯಲು ನನಗೆ ಪ್ರೇರಣೆಯಾದವಳು ತಾಂಡೂರಿನ ಒಬ್ಬ ಬಾಲಕಿ. ನಾರಾಯಣಖೇಡ ಸೀಮೆಯ ಪ್ರೌಢಶಾಲೆಗಳಲ್ಲಿ ಬಹುಕಾಲ ದುಡಿದು, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ಮೇಲೆ ನನ್ನ ವಾಸ ಜಹೀರಾಬಾದಿನಲ್ಲಿ. ವರ್ಷದಲ್ಲಿ ಕೆಲವು ತಿಂಗಳು ತಾಂಡೂರಿನಲ್ಲಿರುವ ಮಗಳ ಮನೆಯಲ್ಲಿ ಇರುತ್ತೇನೆ. ಅವರ ನೆರೆಮನೆಯವರು ನಮ್ಮವರೇ, ಕನ್ನಡದವರು. ತಂದೆ ಕಲ್ಲಿನ ಪಾಲಿಷ್ ಘಟಕವೊಂದರಲ್ಲಿ ಮೇಲ್ವಿಚಾರಕರು, ತಾಯಿ ಪದವೀಧರೆ. ಅವರ ಮಗಳಿಗೆ ಹನ್ನೊಂದನೆಯ ವಯಸ್ಸಿನಲ್ಲಿ ರುಮ್ಯಾಟಿಕ್ ಜ್ವರ ತಗುಲಿತು. ಮೊದಲು ಗಂಟಲು ನೋವು, ಅನಂತರ ಮಂಡಿ, ಮಣಿಕಟ್ಟುಗಳ ಬಾವು. ಕೊನೆಗೆ ಹೃದಯದ ಕವಾಟಕ್ಕೂ ಅದರ ಸೋಂಕಿನ ಛಾಯೆ ತಟ್ಟಿತೆಂದು ವೈದ್ಯರು ಹೇಳಿದರು. ದೀರ್ಘ ವಿಶ್ರಾಂತಿ ಬೇಕು, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ತಪ್ಪಬಾರದು ಎಂಬುದು ಅವರ ಕಟ್ಟಪ್ಪಣೆ. ಮಗು ಶಾಲೆ ಬಿಟ್ಟಿತು. ತಾಯಿಯೇ ಗುರುವಾಗಿ ಮನೆಯಲ್ಲಿ ಪಾಠ ಆರಂಭಿಸಿದರು. ಆರು, ಏಳು, ಎಂಟನೆಯ ತರಗತಿಗಳ ಪಾಠವೆಲ್ಲ ಮನೆಯ ಪಡಸಾಲೆಯಲ್ಲಿಯೇ ನಡೆಯಿತು.

ಆ ತಾಯಿ ಒಮ್ಮೆ ಮಗಳ ಪುಸ್ತಕಗಳನ್ನು ತಂದು ನನ್ನ ಮುಂದಿಟ್ಟರು. ಮುತ್ತಿನಂತಹ ಅಕ್ಷರ. ಪಠ್ಯಪುಸ್ತಕದ ಒಂದು ಪಾಠ ನಾಲ್ಕು ಪುಟವಿದ್ದರೆ ಇವಳ ಟಿಪ್ಪಣಿಯೂ ನಾಲ್ಕು ಪುಟ. ಒಂದು ವಾಕ್ಯವೂ ಬಿಟ್ಟಿಲ್ಲ. "ಏನು ಬಿಡಬೇಕೆಂದು ಅವಳಿಗೆ ಭಯ, ಸರ್. ಶಾಲೆಯಲ್ಲಿ ಇದ್ದವರಿಗೆ ಯಾವುದು ಮುಖ್ಯವೆಂದು ಗುರುಗಳು ಹೇಳುತ್ತಾರೆ. ನಾನು ಹೇಳಿದರೆ ಅವಳಿಗೆ ನಂಬಿಕೆಯಿಲ್ಲ. ಬರೆದು ಬರೆದು ಮಣಿಕಟ್ಟು ಊದುತ್ತದೆ" ಎಂದರು ಆಕೆ. ಆ ಮಾತಿನಲ್ಲಿ ಇಡೀ ಸಮಸ್ಯೆಯಿತ್ತು. ಶಾಲೆಯ ಮಗುವಿಗೆ ಸಹಪಾಠಿಗಳ ಪುಸ್ತಕ ನೋಡುವ ಅವಕಾಶವುಂಟು, ಘಂಟೆಯ ಮಿತಿಯುಂಟು, ಗುರುವಿನ ಧ್ವನಿಯ ಏರಿಳಿತದಲ್ಲಿಯೇ ಮುಖ್ಯಾಂಶದ ಸೂಚನೆಯುಂಟು. ಮನೆಯಲ್ಲಿ ಕಲಿಯುವ ಮಗುವಿಗೆ ಇವು ಯಾವುವೂ ಇಲ್ಲ. ಆದುದರಿಂದ ಅದು ಎಲ್ಲವನ್ನೂ ಬರೆದುಕೊಳ್ಳುತ್ತದೆ. ಇಲ್ಲವೇ ಏನನ್ನೂ ಬರೆಯುವುದಿಲ್ಲ.

ಮನೆಯ ಪಾಠವೆಂಬುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನಿಜಾಮರ ಆಳ್ವಿಕೆಯಲ್ಲಿ ಸರಕಾರಿ ಶಾಲೆಗಳ ಮಾಧ್ಯಮ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಉರ್ದುವೇ ಬೋಧನಭಾಷೆ. ಕನ್ನಡ ಕಲಿಯಬೇಕೆಂದವರು ಮನೆಯಲ್ಲಿ ಕಲಿತರು, ಮಠಗಳಲ್ಲಿ ಕಲಿತರು, ಖಾನಗಿ ಶಾಲೆಗಳಲ್ಲಿ ಕಲಿತರು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಮ್ಮ ಭಾಗದ ಮನೆಮಾತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ ಭಾಗಗಳೂ ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ. ನಾನು ಆಗ ಇನ್ನೂ ಅಕ್ಷರ ತಿದ್ದುತ್ತಿದ್ದ ಹುಡುಗ. ಶಾಲೆಯಲ್ಲಿ ತೆಲುಗು ಬಂತು. ಕನ್ನಡ ಮತ್ತೆ ಮನೆಯ ಪಾಠವಾಯಿತು. ಗಡಿನಾಡಿನ ಮನೆಗಳಲ್ಲಿ ಅನೇಕವು ಹೀಗೆ ತಲೆಮಾರುಗಳಿಂದ ಅರೆಶಾಲೆಗಳೇ ಆಗಿವೆ.

ಇಂದು ಮನೆಯಲ್ಲಿ ಕಲಿಯುವ ಮಕ್ಕಳಿಗೆ ಹಿಂದಿಲ್ಲದ ದಾರಿಗಳೂ ಇವೆ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ಮೂರು, ಐದು, ಎಂಟನೆಯ ತರಗತಿಗಳಿಗೆ ಸಮಾನವಾದ ಮೂರು ಹಂತಗಳನ್ನು ನಡೆಸುತ್ತದೆ. ಹದಿನಾಲ್ಕು ತುಂಬಿದವರು ಅದರ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಕನ್ನಡವನ್ನು ಒಂದು ವಿಷಯವಾಗಿ ಆರಿಸಿಕೊಳ್ಳುವ ಅವಕಾಶವೂ ಅಲ್ಲಿ ಉಂಟು. ಆದರೆ ಮುಕ್ತ ಶಾಲೆಯ ವಿದ್ಯಾರ್ಥಿಗೆ ಪುಸ್ತಕವೇ ಗುರು. ಅಂತಹವರಿಗೆ ಟಿಪ್ಪಣಿಯ ವಿದ್ಯೆ ಬಾರದಿದ್ದರೆ ಉಳಿದ ವಿದ್ಯೆಗಳು ಕೈಗೆ ಹತ್ತುವುದು ಕಷ್ಟ.

ಆ ಬಾಲಕಿಗೆ ನಾನು ಮೊದಲು ಹೇಳಿದ್ದು ಪಾಠಶಾಲೆಯ ಉದಾಹರಣೆಯಲ್ಲ, ಅಂಗಡಿಯ ಉದಾಹರಣೆ. ನನ್ನ ತಂದೆ ಜಹೀರಾಬಾದಿನ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಬೆಲ್ಲ, ಶುಂಠಿ, ಕಡಲೆಯ ಗಾಡಿಗಳು ಬಂದು ನಿಂತಾಗ ಅವರು ಕಚ್ಚಾ ಚೀಟಿಯಲ್ಲಿ ಹೆಸರು, ತೂಕ, ದರ ಇಷ್ಟನ್ನೇ ಗೀಚಿಕೊಳ್ಳುತ್ತಿದ್ದರು. ಸಂಜೆ ಅದು ರೋಜನಾಮೆಗೆ ಏರುತ್ತಿತ್ತು. ಅಲ್ಲಿಂದ ಖತಾವಣಿಗೆ ಹೋಗಿ ಪ್ರತಿಯೊಬ್ಬ ರೈತನ ಹೆಸರಿನ ಕೆಳಗೆ ಕೂರುತ್ತಿತ್ತು. ರೈತನು ತನ್ನ ಎತ್ತಿನ ಕಥೆ, ಮಗಳ ಮದುವೆಯ ಕಥೆ ಎಲ್ಲವನ್ನೂ ಹೇಳುತ್ತಿದ್ದ. ತಂದೆಯವರು ತಲೆದೂಗಿ ಕೇಳುತ್ತಿದ್ದರು, ಚೀಟಿಯಲ್ಲಿ ಮಾತ್ರ ಮೂರೇ ಸಂಗತಿ. "ನಿನ್ನ ಪಾಠವೂ ಒಂದು ಗಾಡಿ. ಅದರಲ್ಲಿ ಹೆಸರು, ತೂಕ, ದರ ಯಾವುದು ಹುಡುಕು" ಎಂದೆ. ಮಗು ನಕ್ಕಿತು. ಅಂದಿನಿಂದ ನಮ್ಮಿಬ್ಬರ ನಡುವೆ ಕಚ್ಚಾ, ಪಕ್ಕಾ ಎಂಬ ಎರಡು ಪದಗಳು ರೂಢಿಯಾದವು.

ವಿಧಾನ ಸರಳವಾದುದು. ಪುಟದ ಎಡಭಾಗದಲ್ಲಿ ನಾಲ್ಕು ಬೆರಳಗಲ ಬಿಟ್ಟು ಒಂದು ಗೆರೆ. ಅಡಿಯಲ್ಲಿ ಐದಾರು ಸಾಲು ಬಿಟ್ಟು ಇನ್ನೊಂದು ಗೆರೆ. ಬಲಭಾಗದ ದೊಡ್ಡ ಕೋಣೆಯಲ್ಲಿ ಪಾಠದ ಸಾರ. ಎಡಭಾಗದ ಕಿರಿದಾದ ಕೋಣೆಯಲ್ಲಿ ಆ ಸಾರವನ್ನು ಹೊರಡಿಸಬಲ್ಲ ಪ್ರಶ್ನೆಗಳು. ಅಡಿಯ ಕೋಣೆಯಲ್ಲಿ ಇಡೀ ಪುಟದ ತಾತ್ಪರ್ಯ, ಎರಡು ವಾಕ್ಯ ಮೀರದಂತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ವಾಲ್ಟರ್ ಪಾಕ್ ಎಂಬುವರು 1962ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಿಂದ ಈ ಕ್ರಮವನ್ನು ಪ್ರಸಿದ್ಧಗೊಳಿಸಿದರು. ನಮ್ಮ ಕೇಶಿರಾಜನಿಗೆ ಈ ಸುದ್ದಿ ಮುಟ್ಟಿದ್ದರೆ ಅವನು ಮುಗುಳ್ನಗುತ್ತಿದ್ದನೇನೋ. ಹದಿಮೂರನೆಯ ಶತಮಾನದ ಅವನ ಶಬ್ದಮಣಿದರ್ಪಣದಲ್ಲಿ ಮೊದಲು ಕಂದಪದ್ಯದಲ್ಲಿ ಸೂತ್ರ, ಅದರ ಕೆಳಗೆ ಗದ್ಯದಲ್ಲಿ ವೃತ್ತಿ, ಅನಂತರ ಪ್ರಯೋಗ. ಸಾರ, ವಿವರಣೆ, ಉದಾಹರಣೆ ಎಂಬ ಮೂರು ಕೋಣೆಗಳನ್ನು ಅವನು ಅಂದೇ ಕಟ್ಟಿದ್ದ. ತಾಂಡೂರಿನ ಪಕ್ಕದಲ್ಲಿ ಹರಿಯುವ ಕಾಗಿಣಾ ನದಿಯೇ ಮುಂದೆ ಮಳಖೇಡವನ್ನು ಮುಟ್ಟುತ್ತದೆ. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಅದು. ಆ ನೀರಿನ ಮಗುವಿಗೆ ಸೂತ್ರ, ವೃತ್ತಿ, ಪ್ರಯೋಗಗಳ ಹೆಸರು ಹೇಳಿಕೊಡುವುದು ನನಗೆ ಸಹಜವೆನಿಸಿತು.

ಮೊದಲ ಪಾಠಕ್ಕೆ ಶಿಲೆಗಳ ವಿಷಯವನ್ನು ಆರಿಸಿಕೊಂಡೆ. ತಾಂಡೂರಿನ ಮನೆಯಲ್ಲಿ ಕುಳಿತು ಶಿಲೆಯ ಪಾಠ ಓದುವಾಗ ಉದಾಹರಣೆ ಕಾಲ ಕೆಳಗೇ ಇರುತ್ತದೆ. ಪಾಠವನ್ನು ಒಮ್ಮೆ ಓದು, ಆದರೆ ಪೆನ್ನು ಮುಟ್ಟಬೇಡ ಎಂದೆ. ಇದೇ ಎಲ್ಲಕ್ಕಿಂತ ಕಷ್ಟದ ನಿಯಮ. ಪೆನ್ನು ಕೈಯಲ್ಲಿದ್ದರೆ ಮಗು ಓದುವುದಿಲ್ಲ, ನಕಲು ಮಾಡುತ್ತದೆ. ಒಂದು ಪರಿಚ್ಛೇದ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, "ಏನು ಹೇಳಿತು?" ಎಂದು ಕೇಳಿದೆ. ಬಾಯಲ್ಲಿ ಹೇಳಿದ್ದನ್ನು ಮಾತ್ರ ಬರೆಯಲು ಬಿಟ್ಟೆ. ಹೀಗೆ ನಾಲ್ಕು ಪುಟದ ಪಾಠ ಅರ್ಧ ಪುಟಕ್ಕಿಳಿಯಿತು. ಬಲಗಡೆಯ ಕೋಣೆಯಲ್ಲಿ: ಶಿಲೆ ಮೂರು ಬಗೆ, ಕರಗಿದ್ದು ಆರಿದರೆ ಅಗ್ನಿಶಿಲೆ, ಕಣಗಳು ಪದರಪದರವಾಗಿ ಕುಳಿತು ಗಟ್ಟಿಯಾದರೆ ಪದರುಶಿಲೆ, ಒತ್ತಡ, ಶಾಖಗಳಿಂದ ಮಾರ್ಪಟ್ಟರೆ ರೂಪಾಂತರ ಶಿಲೆ, ಸುಣ್ಣಕಲ್ಲು ಮಾರ್ಪಟ್ಟು ಅಮೃತಶಿಲೆ. ಎಡಗಡೆಯಲ್ಲಿ ಅವಳದೇ ಪ್ರಶ್ನೆ: "ನಮ್ಮ ಮನೆಯ ನೆಲ ಯಾವ ಬಗೆ? ಹೇಗೆ ಗೊತ್ತು?" ಅಡಿಯಲ್ಲಿ: "ನಮ್ಮ ನೆಲದ ಕಲ್ಲು ಪದರುಶಿಲೆ. ಅದು ಹಲಗೆಹಲಗೆಯಾಗಿ ಸೀಳುತ್ತದೆ, ಅಪ್ಪ ಹೇಳಿದರು." ಪಠ್ಯಪುಸ್ತಕದಲ್ಲಿ ತಾಂಡೂರಿನ ಹೆಸರಿರಲಿಲ್ಲ. ಕಲ್ಲಿನ ಧೂಳಿನಲ್ಲಿ ದಿನಗಳೆಯುವ ತಂದೆಯ ಮಾತು ಮಗಳ ಟಿಪ್ಪಣಿಯಲ್ಲಿ ಪ್ರಮಾಣವಾಗಿ ಬಂದು ಕುಳಿತಿತು. ಆ ರಾತ್ರಿ ತಂದೆ ಆ ಪುಟವನ್ನು ಎರಡು ಸಲ ಓದಿಸಿ ಕೇಳಿದರಂತೆ.

ಎರಡನೆಯ ನಿಯಮ ಸಂಕ್ಷೇಪದ್ದು. ಪೂರ್ಣವಾಕ್ಯ ಬೇಡ, ಪದ ಸಾಕು. ಬಾಣದ ಗುರುತು ಎಂದರೆ "ಇದರಿಂದ ಅದು", ಸಮ ಚಿಹ್ನೆ ಎಂದರೆ "ಹಾಗೆಂದರೆ", "ಉದಾ", "ಕ್ರಿ.ಶ." ಮುಂತಾದವು ಹೇಗೂ ಇವೆ. ಪದೇ ಪದೇ ಬರುವ ಹೆಸರಿಗೆ ಮೊದಲಕ್ಷರ ಸಾಕು. ಮಣಿಕಟ್ಟು ನೋಯುವ ಮಗುವಿಗೆ ಇದು ಔಷಧಿಯಷ್ಟೇ ಮುಖ್ಯವಾಗಿತ್ತು. ಮೂರನೆಯ ನಿಯಮ, ವಿಷಯಕ್ಕೆ ತಕ್ಕ ಟಿಪ್ಪಣಿ. ಇತಿಹಾಸಕ್ಕೆ ಕಾಲರೇಖೆ, ವಿಜ್ಞಾನಕ್ಕೆ ಹೆಸರು ಬರೆದ ಚಿತ್ರ, ಗಣಿತಕ್ಕೆ ಒಂದೇ ಮಾದರಿ ಲೆಕ್ಕ ಮತ್ತು ಪ್ರತಿ ಹೆಜ್ಜೆಯ ಪಕ್ಕದಲ್ಲಿ "ಏಕೆ" ಎಂಬುದಕ್ಕೆ ಉತ್ತರ. ಪದ್ಯಕ್ಕೆ ಮಾತ್ರ ಸಾರಾಂಶ ಬೇಡವೆಂದೆ. ಪದ್ಯವನ್ನು ಬಾಯಿಪಾಠ ಮಾಡಿ, ಕಠಿಣ ಪದಗಳ ಅರ್ಥವನ್ನಷ್ಟೇ ಬರೆದುಕೊಂಡರೆ ಸಾಕು.

ನಾಲ್ಕನೆಯದು ಮರಳಿ ನೋಡುವ ನಿಯಮ. 1885ರಲ್ಲಿ ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಉರುಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಲೆಕ್ಕಹಾಕಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಧಾವಿಸುತ್ತದೆ, ಅನಂತರ ನಿಧಾನಿಸುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಆದುದರಿಂದ ಅಂದೇ ಸಂಜೆ, ಮರುದಿನ, ಏಳನೆಯ ದಿನ, ತಿಂಗಳ ಕೊನೆಗೆ ಎಂದು ನಾಲ್ಕು ಸರತಿ. ಬಲಗಡೆಯನ್ನು ಅಂಗೈಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಯನ್ನು ಓದಿ, ಗಟ್ಟಿಯಾಗಿ ಉತ್ತರ ಹೇಳುವುದು. ತಾಯಿಗೆ ಇದರಿಂದ ದೊಡ್ಡ ಅನುಕೂಲವಾಯಿತು. ಗಣಿತ ಬಾರದಿದ್ದರೂ ಅವರು ಪ್ರಶ್ನೆ ಕೇಳಬಲ್ಲವರಾದರು. 2014ರಲ್ಲಿ ಮುಲ್ಲರ್, ಒಪನ್‌ಹೈಮರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿ, ಕೈಬರಹದಲ್ಲಿ ಟಿಪ್ಪಣಿ ಮಾಡಿಕೊಂಡವರು ಲ್ಯಾಪ್‌ಟಾಪಿನಲ್ಲಿ ಮಾಡಿಕೊಂಡವರಿಗಿಂತ ಅರ್ಥಗ್ರಹಣದ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸಿದರು. ಯಂತ್ರದ ಮುಂದೆ ಕುಳಿತವರು ಕೇಳಿದ್ದನ್ನು ಕೇಳಿದಂತೆಯೇ ಇಳಿಸಿಕೊಳ್ಳುತ್ತಿದ್ದರು. ಪೆನ್ನಿನಿಂದ ನಕಲು ಮಾಡುವ ನಮ್ಮ ಮಕ್ಕಳಿಗೂ ಆ ಮಾತು ಅನ್ವಯಿಸುತ್ತದೆ. ಬೆರಳು ಓಡುತ್ತದೆ, ಬುದ್ಧಿ ಮಲಗಿರುತ್ತದೆ.

ಇಷ್ಟರ ನಡುವೆ ಒಂದು ಚರ್ಚೆ ಎದ್ದಿತು. ಅದನ್ನು ಈ ಸಮ್ಮೇಳನದ ಸಹೃದಯರ ಮುಂದೆ ಇಡುವುದು ಅವಶ್ಯವೆಂದು ಭಾವಿಸುತ್ತೇನೆ. ಪುಸ್ತಕ ಇಂಗ್ಲಿಷಿನದು, ಬೀದಿಯ ಮಾತು ತೆಲುಗು, ಸಂತೆಯ ಮಾತು ದಖನಿ ಉರ್ದು, ಅಡಿಗೆಮನೆಯ ಮಾತು ಕನ್ನಡ. ಹಾಗಾದರೆ ಟಿಪ್ಪಣಿ ಯಾವ ಭಾಷೆಯಲ್ಲಿರಬೇಕು? ಪರೀಕ್ಷೆ ಇಂಗ್ಲಿಷಿನಲ್ಲಿ ಎಂದ ಮೇಲೆ ಕನ್ನಡದಲ್ಲಿ ಬರೆದರೆ ಎರಡು ಕೆಲಸವಾಗುವುದಿಲ್ಲವೇ ಎಂಬುದು ತಂದೆಯವರ ಸಂದೇಹ. ಅದು ನ್ಯಾಯವಾದ ಸಂದೇಹವೇ. ನಾನು ಮಗುವನ್ನೇ ಪರೀಕ್ಷಿಸೋಣವೆಂದೆ. ದ್ಯುತಿಸಂಶ್ಲೇಷಣೆಯ ಪಾಠವನ್ನು ಓದಿಸಿ, ಪುಸ್ತಕ ಮುಚ್ಚಿ, ಇಂಗ್ಲಿಷಿನಲ್ಲಿ ಹೇಳು ಎಂದಾಗ ಪುಸ್ತಕದ ವಾಕ್ಯವೇ ಬಂತು, ಅದೂ ಅರ್ಧಕ್ಕೆ ನಿಂತಿತು. ಕನ್ನಡದಲ್ಲಿ ಹೇಳು ಎಂದಾಗ, "ಎಲೆ ಬಿಸಿಲಿನಲ್ಲಿ ತನ್ನ ಅಡಿಗೆ ತಾನೇ ಮಾಡಿಕೊಳ್ಳುತ್ತದೆ; ಗಾಳಿಯಿಂದ ಒಂದು ಸಾಮಾನು, ಬೇರಿನಿಂದ ನೀರು" ಎಂದಿತು. ಮೊದಲನೆಯದು ನೆನಪು, ಎರಡನೆಯದು ತಿಳಿವು. ಕೊನೆಗೆ ನಾವು ಒಂದು ಒಪ್ಪಂದಕ್ಕೆ ಬಂದೆವು. ಪಾರಿಭಾಷಿಕ ಪದಗಳು ಪರೀಕ್ಷೆಯ ಭಾಷೆಯಲ್ಲಿ, ದಪ್ಪಕ್ಷರದಲ್ಲಿ. ವಿವರಣೆ, ಪ್ರಶ್ನೆ, ತಾತ್ಪರ್ಯ ಕನ್ನಡದಲ್ಲಿ. ಏಳನೆಯ ದಿನದ ಸರತಿಯಲ್ಲಿ ಅದೇ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ನೋಡುವುದು. ಹೊರೆ ಸ್ವಲ್ಪ ಹೆಚ್ಚಿತು. ಆದರೆ ಕನ್ನಡವು ಅಡಿಗೆಮನೆಯಿಂದ ಓದಿನ ಮೇಜಿಗೆ ಬಂದು ಕುಳಿತಿತು. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವು ಪ್ರತಿವರ್ಷ ನಿರ್ಣಯಗಳನ್ನು ಅಂಗೀಕರಿಸುತ್ತೇವೆ. ಮಗು ಯಾವ ಭಾಷೆಯಲ್ಲಿ ಯೋಚಿಸುತ್ತದೆಯೋ ಆ ಭಾಷೆ ಉಳಿಯುತ್ತದೆ ಎಂಬುದು ನನ್ನ ನಂಬಿಕೆ.

ಓದಿ ಬರೆಯುವುದು ಬಂದ ಮೇಲೆ ಕೇಳಿ ಬರೆಯುವ ಅಭ್ಯಾಸ. ಮನೆಯಲ್ಲಿ ಕಲಿಯುವ ಮಗುವಿಗೆ ಉಪನ್ಯಾಸ ಎಲ್ಲಿಂದ ತರುವುದು? ನಾರಾಯಣಖೇಡ ಕಡೆಯ ಮಂಜೀರಾ ತೀರದ ಹಳ್ಳಿಯಿಂದ ಅವಳ ಅಜ್ಜಿ ಬಂದಿದ್ದರು. ಅವರೇ ಉಪನ್ಯಾಸಕಿಯಾದರು. ಜೋಳದ ಸಾಲಿನ ನಡುವೆ ತೊಗರಿ, ಹೆಸರು, ಪುಂಡಿ ಏಕೆ ಹಾಕುತ್ತಿದ್ದರು, ಬೀಜವನ್ನು ಬೂದಿ, ಬೇವಿನೆಲೆಗಳಲ್ಲಿ ಹೇಗೆ ಕಾಪಿಡುತ್ತಿದ್ದರು ಎಂದು ಅವರು ಹೇಳುತ್ತ ಹೋದರು. ಮಗು ಕಚ್ಚಾ ಟಿಪ್ಪಣಿ ಮಾಡಿಕೊಂಡಿತು. ಅಜ್ಜಿ ಪುಸ್ತಕದಂತೆ ಕ್ರಮವಾಗಿ ಹೇಳುವವರಲ್ಲ. ಒಂದು ಬೀಜದ ಮಾತಿನಿಂದ ಒಂದು ಬರಗಾಲಕ್ಕೆ, ಅಲ್ಲಿಂದ ಒಬ್ಬ ನಾದಿನಿಯ ಜಗಳಕ್ಕೆ ಹಾರುವರು. ಸಂಜೆ ಅದನ್ನು ಪಕ್ಕಾ ಮಾಡುವಾಗ ಯಾವುದು ಯಾವುದರ ಕೆಳಗೆ ಸೇರಬೇಕೆಂದು ಮಗು ತಾನೇ ವಿಂಗಡಿಸಿತು. ನಮ್ಮ ಜಹೀರಾಬಾದ್ ಸೀಮೆಯಲ್ಲಿ ಇದಕ್ಕೊಂದು ದೊಡ್ಡ ಮೇಲ್ಪಂಕ್ತಿಯೇ ಉಂಟು. ಮೈಸೂರಿನಲ್ಲಿ ಹುಟ್ಟಿದ ಪಿ. ವಿ. ಸತೀಶ್ ಅವರು ಪಸ್ತಾಪುರದಲ್ಲಿ ನೆಲೆಸಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮೂಲಕ ಬಡ ದಲಿತ ಮಹಿಳೆಯರೊಡನೆ ಸಿರಿಧಾನ್ಯಗಳ ಬೇಸಾಯವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅಕ್ಷರ ಬಾರದ ಆ ಮಹಿಳೆಯರು ವಿಡಿಯೋ ಕ್ಯಾಮೆರಾ ಹಿಡಿದು ತಮ್ಮ ಜ್ಞಾನವನ್ನು ದಾಖಲಿಸಿದರು. 2008ರಲ್ಲಿ ಮಾಚನೂರಿನಿಂದ ಸಂಘಂ ರೇಡಿಯೋ ಪ್ರಸಾರ ಆರಂಭಿಸಿದರು. 2023ರಲ್ಲಿ ಸತೀಶ್ ಅವರು ತೀರಿಕೊಂಡರು. ಆ ತಾಯಂದಿರ ದಾಖಲೆಯೂ ಟಿಪ್ಪಣಿಯೇ. ಬರೆಯುವ ಸಾಧನ ಮಾತ್ರ ಬೇರೆ. ಹಿಂದೆ ನಮ್ಮವರು ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿಗಳನ್ನು ಸವರಿ ಕಪ್ಪಾಗಿಸಿದ ಕಡತಗಳ ಮೇಲೆ ಬಳಪದಿಂದ ಬರೆದರು. ಕಾಲಕ್ಕೊಂದು ಸಾಧನ.

ಇನ್ನು ಈ ವಿದ್ಯೆಯ ನಿಜವಾದ ಪರೀಕ್ಷೆ ನಡೆದದ್ದು ಪಾಠದ ಮೇಜಿನ ಮೇಲಲ್ಲ. ಮೂರು ವಾರಕ್ಕೊಮ್ಮೆಯ ಚುಚ್ಚುಮದ್ದಿನ ದಿನಾಂಕವನ್ನು ಆ ಮನೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಿದ್ದರು. ವರ್ಷ ಬದಲಾದಾಗ ಹಳೆಯ ಕ್ಯಾಲೆಂಡರು ಗೋಡೆಯಿಂದ ಇಳಿಯಿತು. ಗುರುತೂ ಅದರೊಡನೆ ಹೋಯಿತು. ಒಂದು ಸರತಿ ತಪ್ಪಿತು. ಕೆಲವು ವಾರಗಳಲ್ಲಿ ಜ್ವರ, ಸಂಧಿಗಳ ಬಾವು ಮರಳಿದವು. ಈ ಕಾಯಿಲೆ ಮರಳಿದಷ್ಟು ಸಲವೂ ಹೃದಯದ ಕವಾಟಕ್ಕೆ ಅಪಾಯ ಹೆಚ್ಚು. ಮನೆಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದಂತಹ ದಿನಗಳು ಅವು. ಮಗು ಚೇತರಿಸಿಕೊಂಡ ಮೇಲೆ ತಾನೇ ಒಂದು ಪುಸ್ತಕ ತೆಗೆದು ಗೆರೆ ಎಳೆಯಿತು. ಬಲಗಡೆ: ಚುಚ್ಚುಮದ್ದು ಕೊಟ್ಟ ದಿನ, ವೈದ್ಯರು ಹೇಳಿದ ಮಾತು. ಎಡಗಡೆ: ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು. ಅಡಿಯಲ್ಲಿ: ಇಪ್ಪತ್ತೊಂದು ದಿನ ಕೂಡಿಸಿ ಬಂದ ಮುಂದಿನ ದಿನಾಂಕ, ದಪ್ಪಕ್ಷರದಲ್ಲಿ. ಒಂದು ಪುಟದ ಎಡಗಡೆಯಲ್ಲಿ ನಾನು ಕಂಡ ಪ್ರಶ್ನೆ ಇದು: "ಇದು ಎಷ್ಟು ವರ್ಷ? ನಾನು ಓಡಬಹುದೇ?" ಅದನ್ನು ಕೇಳುವ ಧೈರ್ಯ ಅದುವರೆಗೆ ಹಿರಿಯರಾರಿಗೂ ಇರಲಿಲ್ಲ. ಮಗು ಪುಸ್ತಕ ನೋಡಿಕೊಂಡು ಕೇಳಿತು. ವೈದ್ಯರೂ ಕುರ್ಚಿಯನ್ನು ಮುಂದಕ್ಕೆ ಸರಿಸಿ, ಸಮಾಧಾನದಿಂದ ವಿವರಿಸಿದರಂತೆ. ಇನ್ನೂ ಹಲವು ವರ್ಷ ಚುಚ್ಚುಮದ್ದು ನಡೆಯಬೇಕು. ಸದ್ಯಕ್ಕೆ ನಡೆಯಬಹುದು, ಓಟದ ಮಾತು ಮುಂದಿನ ಪರೀಕ್ಷೆಯ ನಂತರ. ಬಲಗಡೆಯಲ್ಲಿ ಆ ಉತ್ತರ ಇದೆ. ಅಂದಿನಿಂದ ಒಂದು ಸರತಿಯೂ ತಪ್ಪಿಲ್ಲ.

ಕಳೆದ ಜೂನ್ ತಿಂಗಳಲ್ಲಿ ಅವಳು ಒಂಬತ್ತನೆಯ ತರಗತಿಗೆ ಶಾಲೆಗೆ ಸೇರಿದಳು. ಪ್ರಥಮ ಸ್ಥಾನ ಬಂದಿತೆಂದು ಬರೆದರೆ ಓದುಗರಿಗೆ ಸಂತೋಷವಾದೀತು. ಆದರೆ ಅವಳಿರುವುದು ತರಗತಿಯ ನಡುಭಾಗದಲ್ಲಿ. ತಿಂಗಳಿಗೆ ಒಂದೆರಡು ದಿನ ರಜೆ ಅನಿವಾರ್ಯ. ರಜೆಯ ದಿನದ ಪಾಠವನ್ನು ಗೆಳತಿಯ ಪುಸ್ತಕದಿಂದ ಪೂರ್ತಿ ಇಳಿಸಿಕೊಳ್ಳದೆ, ಹತ್ತು ನಿಮಿಷ ಅವಳ ಬಾಯಿಂದ ಕೇಳಿ ಬರೆದುಕೊಳ್ಳುತ್ತಾಳೆ. ಗೆಳತಿಗೂ ಪಾಠ ಗಟ್ಟಿಯಾಗುತ್ತದೆ. ಮಣಿಕಟ್ಟಿನ ನೋವು ಕಡಿಮೆಯಾಗಿದೆ. ಇಷ್ಟೇ ಫಲ; ನನ್ನ ಪಾಲಿಗೆ ಇದು ಸಾಲದಾದ ಫಲವೇನೂ ಅಲ್ಲ.

ನಮ್ಮ ಸಂಘದ ಬಂಧುಗಳಲ್ಲಿ ನನ್ನದೊಂದು ವಿನಂತಿ. ಬೇಸಗೆಯ ರಜೆಯಲ್ಲಿ ಜಹೀರಾಬಾದ, ನಾರಾಯಣಖೇಡ, ತಾಂಡೂರುಗಳಲ್ಲಿ ನಾವು ಕನ್ನಡ ಅಕ್ಷರ ಕಲಿಸುವ ಶಿಬಿರಗಳ ಮಾತನ್ನು ಆಡುತ್ತಲೇ ಇದ್ದೇವೆ. ಅಕ್ಷರ ಬಲ್ಲ ಮಕ್ಕಳಿಗೆ ಅದರ ಮುಂದಿನ ಮೆಟ್ಟಿಲಾಗಿ ಹತ್ತು ದಿನದ ಟಿಪ್ಪಣಿಯ ಶಿಬಿರವನ್ನೂ ನಡೆಸೋಣ. ಅದಕ್ಕೆ ಕಟ್ಟಡ ಬೇಡ, ಅನುದಾನ ಬೇಡ. ನೂರು ಪುಟದ ಒಂದು ನೋಟುಪುಸ್ತಕ, ಒಂದು ಅಳತೆಪಟ್ಟಿ, ಮಾತನಾಡಲು ಒಬ್ಬ ಅಜ್ಜ ಅಥವಾ ಅಜ್ಜಿ ಸಾಕು. ನಿವೃತ್ತ ಶಿಕ್ಷಕರು ನಮ್ಮಲ್ಲಿ ಅನೇಕರಿದ್ದೇವೆ. ಮಂಡಿ ನೋವಿದ್ದರೂ ನಾಲಗೆಗೆ ನೋವಿಲ್ಲ. ಶಾಲೆಗೆ ಹೋಗುವ ಮಗು, ಹೋಗಲಾಗದ ಮಗು, ನಡುವೆ ಬಿಟ್ಟ ಮಗು, ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು, ಕೇಳಿದ್ದನ್ನು ತೂರಿ ಕಾಳನ್ನು ಕನ್ನಡದಲ್ಲಿ ಬರೆದಿಡಲಿ. ಮುಂದಿನ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಆ ಮಕ್ಕಳ ಹತ್ತು ಪುಟಗಳನ್ನಾದರೂ ಅಚ್ಚುಮಾಡುವ ಭಾಗ್ಯ ಸಂಪಾದಕರಿಗೆ ಒದಗಲೆಂದು ಹಾರೈಸುತ್ತೇನೆ.